ಸಂಪಾದಕರ ಉತ್ತರ: ಆ ಇಸವಿಗೆ ಯಾಕೆ ಗೀಟು ಎಳೆದಿರಿ?

"ಯುದ್ಧ, ಭೂಕಂಪ, ಬರ ಎಲ್ಲ ಒಟ್ಟಿಗೇ ಬಂದಿವೆ. ಬೈಬಲಿನ ದಾನಿಯೇಲ ಮತ್ತು ಪ್ರಕಟನೆ ಗ್ರಂಥದ ಸಂಖ್ಯೆಗಳಿಂದ ಅಂತ್ಯಕಾಲದ ವರ್ಷ ಲೆಕ್ಕ ಹಾಕಿದ್ದೇನೆ. ನಾಲ್ಕು ಹಾಳೆ ಕಳಿಸಿದ್ದೇನೆ, ಪ್ರಕಟಿಸಿ. ಜನರನ್ನು ಎಚ್ಚರಿಸುವುದು ನಿಮ್ಮ ಕರ್ತವ್ಯ ಅಲ್ವಾ?"
– ಹೆಸರು ಬೇಡವೆಂದ ಓದುಗರು

ನಾಲ್ಕೂ ಹಾಳೆ ಓದಿದೆ. ಮೂರನೆಯದರಲ್ಲಿ ಒಂದು ಇಸವಿ ಬರೆದು, ಗೀಟು ಎಳೆದು, ಪಕ್ಕದಲ್ಲೇ ಇನ್ನೊಂದು ಬರೆದಿದ್ದೀರಿ. ನನ್ನ ಕಣ್ಣು ಅಲ್ಲೇ ನಿಂತಿತು.

ಎಚ್ಚರವಾಗಿರಬೇಕು ಅನ್ನೋ ನಿಮ್ಮ ಕಾಳಜಿ ಸರಿಯೇ. ಯೇಸು ಹೇಳಿದ್ದೂ ಅದನ್ನೇ. ಆದರೆ ನೀವು ಎತ್ತಿಕೊಂಡ ಮತ್ತಾಯ 24ರ 6ನೇ ವಚನ, ಯುದ್ಧಗಳಾದರೂ ಅದು ಇನ್ನೂ ಅಂತ್ಯವಲ್ಲ ಅನ್ನುತ್ತದೆ. 36ನೇ ವಚನ, ಆ ದಿನ ತಂದೆಗೆ ಬಿಟ್ಟು ಯಾರಿಗೂ ಗೊತ್ತಿಲ್ಲ ಅನ್ನುತ್ತದೆ. ಅದು ನಿಮ್ಮ ಹಾಳೆಗಳಲ್ಲಿ ಎಲ್ಲೂ ಇಲ್ಲ.

ಅಮೆರಿಕದ ರೈತ ವಿಲಿಯಂ ಮಿಲ್ಲರ್ ಕೂಡ ಪ್ರಾಮಾಣಿಕ ಮನುಷ್ಯ. ದಾನಿಯೇಲ 8:14ರ 2300 ದಿನಗಳನ್ನು ವರ್ಷಗಳೆಂದು ಹಿಡಿದು, ಕ್ರಿ.ಪೂ. 457ರಿಂದ ಎಣಿಸಿ, ಯೇಸು ಮರಳಿ ಬರುವುದು 1843ಕ್ಕೆ ಎಂದರು. ಏನೂ ಆಗಲಿಲ್ಲ. ಆಮೇಲೆ ಅವರ ಬಳಗ 1844ರ ಅಕ್ಟೋಬರ್ 22 ಎಂದಿತು. ಕೆಲವರು ಹೊಲದ ಬೆಳೆಯನ್ನು ಹಾಗೇ ಬಿಟ್ಟು ಕಾದರು. ಬೆಳಗಾಗುವ ತನಕ ಅತ್ತೆವು ಅಂತ ಅವರಲ್ಲೊಬ್ಬರು ಬರೆದಿಟ್ಟಿದ್ದಾರೆ. ಅಲ್ಲೂ ಒಂದು ಇಸವಿಗೆ ಗೀಟು ಬಿದ್ದಿತ್ತು ನೋಡಿ.

ಪ್ರಕಟನೆಯಲ್ಲಿ ಮೃಗದ ಸಂಖ್ಯೆ ಎಂದು ಬರುವ 666ರ ಬಗ್ಗೆಯೂ ಕೇಳಿದ್ದೀರಿ. ಹೀಬ್ರೂ ಅಕ್ಷರಗಳಿಗೆ ಸಂಖ್ಯೆಯ ಬೆಲೆಯಿದೆ. 'ನೆರೋನ್ ಕೇಸರ್', ಅಂದರೆ ರೋಮಿನ ಚಕ್ರವರ್ತಿ ನೀರೋ, ಎಂದು ಆ ಅಕ್ಷರಗಳಲ್ಲಿ ಬರೆದು ಕೂಡಿದರೆ 666. ಕೊನೆಯ 'ನ್' ಬಿಟ್ಟರೆ 616. ಕೆಲವು ಹಳೆಯ ಹಸ್ತಪ್ರತಿಗಳಲ್ಲಿ ಇರುವುದೂ 616! ಕ್ರೈಸ್ತರನ್ನು ಹಿಂಸಿಸಿದ ಚಕ್ರವರ್ತಿಯ ಹೆಸರು ಮೊದಲ ಕೇಳುಗರಿಗೆ ಹೊಳೆದಿರಬೇಕು ಅಂತ ಅನೇಕ ವಿದ್ವಾಂಸರಂತೆ ನಾನೂ ನಂಬಿದ್ದೇನೆ. ಎರಡನೇ ಶತಮಾನದಲ್ಲೇ ಐರೇನಿಯಸ್ ಎಂಬ ಬಿಷಪ್, ಆತುರದಿಂದ ಯಾರ ಹೆಸರನ್ನೂ ಅಂಟಿಸಬೇಡಿ ಎಂದು ಎಚ್ಚರಿಸಿದ್ದರು. ಯಾರು ಕೇಳಿದರು? ಪೋಪ್, ನೆಪೋಲಿಯನ್, ಹಿಟ್ಲರ್, ಬಾರ್‌ಕೋಡ್, ಎಲ್ಲದಕ್ಕೂ ಅಂಟಿಸಿದ್ದಾಯಿತು.

ನನಗೆ ಬೇಜಾರು ಇಲ್ಲೇ. ಪ್ರಕಟನೆ ಒಂದು ಪತ್ರ. ಪತ್ಮೋಸ್ ದ್ವೀಪದಿಂದ ಯೋಹಾನ ಏಳು ಊರುಗಳ ಕ್ರೈಸ್ತ ಸಭೆಗಳಿಗೆ ಬರೆದದ್ದು. ಅವುಗಳಲ್ಲೊಂದಾದ ಲವೊದಿಕೀಯದವರಿಗೆ, ನೀವು ತಣ್ಣಗೂ ಇಲ್ಲ, ಬಿಸಿಯೂ ಇಲ್ಲ, ಉಗುಳಿಬಿಡುತ್ತೇನೆ ಎಂಬ ಮಾತಿದೆ. ಪಕ್ಕದ ಹಿಯರಾಪೊಲಿಸ್‌ನಲ್ಲಿ ಬಿಸಿನೀರಿನ ಬುಗ್ಗೆಗಳು. ಲವೊದಿಕೀಯಕ್ಕೆ ನೀರು ದೂರದಿಂದ ಕೊಳವೆಯಲ್ಲಿ ಬರಬೇಕಿತ್ತು. ಉಗುರುಬೆಚ್ಚಗಿನ ನೀರು ಬಾಯಿಗೆ ಹೇಗಿರುತ್ತದೆ ಅಂತ ಅವರಿಗೆ ಯಾರೂ ವಿವರಿಸಬೇಕಿರಲಿಲ್ಲ. ಈ ಭಾಗವನ್ನು ಯಾರೂ ಓದುವುದಿಲ್ಲ. ಭಾಷಣಕಾರರು ನೇರ 13ನೇ ಅಧ್ಯಾಯಕ್ಕೆ ಹಾರುತ್ತಾರೆ. ಮೃಗ, ಸಂಖ್ಯೆ, ಭಯ. ಕೇಳಿ ಬಂದವರು ರಾತ್ರಿ ನಿದ್ದೆ ಬಿಡುತ್ತಾರೆ.

ಒಮ್ಮೆ ನಾವು ಕೆಲವರು ಕೂತು ಇಡೀ ಪ್ರಕಟನೆಯನ್ನು ಗಟ್ಟಿಯಾಗಿ ಓದಿದೆವು. ಒಂದೂವರೆ ಗಂಟೆಯೂ ಹಿಡಿಯಲಿಲ್ಲ. ದೇವರು ಕಣ್ಣೀರನ್ನೆಲ್ಲ ಒರೆಸುವನು ಎಂಬ 21ನೇ ಅಧ್ಯಾಯದ ಮಾತಿಗೆ ಬಂದಾಗ, ಹಿಂದಿನ ವರ್ಷ ಮಗನನ್ನು ಕಳೆದುಕೊಂಡಿದ್ದ ಹಿರಿಯರೊಬ್ಬರು ಕನ್ನಡಕ ತೆಗೆದು ಮಡಿಲಲ್ಲಿಟ್ಟರು. ಇಸವಿ ಯಾವುದು ಅಂತ ಅವರು ಕೇಳಲಿಲ್ಲ.

ನಿಮ್ಮ ಹಾಳೆಗಳನ್ನು ಪ್ರಕಟಿಸುವುದಿಲ್ಲ, ವಾಪಸ್ ಕಳಿಸುತ್ತಿದ್ದೇನೆ. ಒಂದು ಸಂಜೆ ಬಿಡುವು ಮಾಡಿಕೊಂಡು 22 ಅಧ್ಯಾಯವನ್ನೂ ಗಟ್ಟಿಯಾಗಿ ಓದಿ. ಆಮೇಲೆ ಇನ್ನೊಂದು ಪತ್ರ ಬರೆಯಿರಿ. ಅದನ್ನು ಖಂಡಿತ ಹಾಕುತ್ತೇನೆ.