ಇಲ್ಲದ ಡೈನಮೈಟ್

ಪ್ರಶ್ನೆ: 1963ರಲ್ಲಿ ಬಂದ ‘ಅವೆಂಜರ್ಸ್’ ಕಾಮಿಕ್ಸ್‌ನ ಮೊದಲ ಸಂಚಿಕೆಯನ್ನು ಈಚೆಗೆ ಓದಿದೆ. ಖಳನಾಯಕ ಲೋಕಿ ಒಂದು ಸುಳ್ಳು ದೃಶ್ಯ ಸೃಷ್ಟಿಸುತ್ತಾನೆ, ಅಷ್ಟಕ್ಕೇ ಮಹಾವೀರರೆಲ್ಲ ದೈತ್ಯ ಹಲ್ಕ್‌ನ ಬೆನ್ನು ಹತ್ತುತ್ತಾರೆ. ಕಥೆ ಓಡಲಿ ಎಂದು ನಾಯಕರನ್ನು ದಡ್ಡರನ್ನಾಗಿ ಮಾಡುವುದು ಸರಿಯೇ?

ಉತ್ತರ: ನಿಮ್ಮ ಸಿಟ್ಟಿನಲ್ಲಿ ಅರ್ಧ ಪಾಲು ನನಗೂ ಇದೆ, ಇನ್ನರ್ಧ ನಿಮ್ಮದೇ. ರೈಲಿನ ಪುಟಕ್ಕೆ ಇನ್ನೊಮ್ಮೆ ಹೋಗಿ. ಲೋಕಿ ಹಳಿಯ ಮೇಲೆ ಇಲ್ಲದ ಡೈನಮೈಟ್ ತೋರಿಸುವುದು ಯಾರಿಗೆ? ಹಲ್ಕ್‌ಗೆ. ರೈಲು ಬರುವಷ್ಟರಲ್ಲಿ ಅದನ್ನು ತೆಗೆದುಹಾಕಬೇಕೆಂದು ಅವನು ನೆಗೆಯುತ್ತಾನೆ. ಡೈನಮೈಟ್ ಮಾಯವಾಗುತ್ತದೆ, ಅವನು ಬಡಿದ ರಭಸಕ್ಕೆ ಸೇತುವೆ ಮುರಿಯುತ್ತದೆ. ಆಮೇಲೆ ಅದೇ ಮುರಿದ ಹಳಿಗೆ ಬೆನ್ನು ಕೊಟ್ಟು ರೈಲನ್ನು ದಾಟಿಸುವವನೂ ಅವನೇ. ಜನರ ಬಾಯಲ್ಲಿ ಉಳಿಯುವುದು ಮಾತ್ರ ಹಲ್ಕ್ ಸೇತುವೆ ಒಡೆದ ಎಂಬ ಸುದ್ದಿ. ಅದನ್ನು ಸುಳ್ಳು ಎನ್ನಲೂ ಬರುವುದಿಲ್ಲ. ರೈಲು ಹಾಳಾಗಿ ಹೋಗಲಿ ಎನ್ನುವ ಜಾತಿಯವನಾಗಿದ್ದರೆ ಹಲ್ಕ್ ಈ ಬಲೆಗೆ ಬೀಳುತ್ತಲೇ ಇರಲಿಲ್ಲ.

ಒಂದು ಪ್ರಯೋಗ ಮಾಡಿದೆ. ನಿಮ್ಮ ಪತ್ರ ಬಂದ ಲಕೋಟೆಯನ್ನೇ ಹರಿದು, ಲೋಕಿ ಕಾಣಿಸಿಕೊಳ್ಳುವ ಚೌಕಗಳನ್ನೆಲ್ಲ ಮುಚ್ಚಿ ಮತ್ತೆ ಓದಿದೆ. ಆಗ ಕಾಣುವುದೇನು? ಮುರಿದ ಸೇತುವೆ, ಓಡಿಹೋಗುವ ಒಬ್ಬ ದೈತ್ಯ, ರೇಡಿಯೊದಲ್ಲಿ ಸಹಾಯಕ್ಕಾಗಿ ಒಂದು ಕರೆ. ನಾನಿದ್ದರೂ ಹೊರಡುತ್ತಿದ್ದೆ. ಖಳನ ತಲೆಯೊಳಗಿನ ಮಾತನ್ನು ಗುಳ್ಳೆಯಲ್ಲಿ ಬರೆದು ನಮ್ಮ ಕೈಗೆ ಕೊಟ್ಟಿದ್ದಾರೆ. ಅದನ್ನು ಓದಿಕೊಂಡು ಕುಳಿತ ನಾವು ಜಾಣರು, ಓದಲಾಗದ ಐರನ್ ಮ್ಯಾನ್ ದಡ್ಡ!

ಆದರೆ ಸರ್ಕಸ್ಸಿನ ಭಾಗದಲ್ಲಿ ನಾನು ನಿಮ್ಮ ಪಕ್ಷ. ಮುಖಕ್ಕೆ ಬಣ್ಣ ಬಳಿದುಕೊಂಡು, ಯಂತ್ರಮಾನವನ ಸೋಗಿನಲ್ಲಿ ಹಲ್ಕ್ ಅಡಗಿರುತ್ತಾನೆ. ಪತ್ತೆಯಾದ ಕೂಡಲೇ ಹೊಡೆದಾಟ. ‘ಸೇತುವೆಯ ಮೇಲೆ ಏನಾಯಿತಪ್ಪ?’ ಎಂದು ಒಬ್ಬರೂ ಕೇಳುವುದಿಲ್ಲ. ಅಲ್ಲಿ ಲೋಕಿಯ ಮಾಯೆ ಏನೂ ಇಲ್ಲ, ಇವರದೇ ಅವಸರ. ಅಂದಹಾಗೆ, ಲೋಕಿಗೆ ಬೇಕಾಗಿದ್ದವನು ಅವನ ಹಗೆ, ಗುಡುಗಿನ ದೇವ ಥಾರ್ ಒಬ್ಬನೇ. ಆ ರೇಡಿಯೊ ಕರೆಯನ್ನು ಥಾರ್ ಕಡೆಗೆ ತಿರುಗಿಸಲು ಹೋಗಿ, ಅದು ಐರನ್ ಮ್ಯಾನ್, ಆಂಟ್ ಮ್ಯಾನ್, ವಾಸ್ಪ್ ಕಿವಿಗೂ ಬಿದ್ದು, ಕೊನೆಗೆ ಇಡೀ ತಂಡವೇ ಹುಟ್ಟಿಕೊಂಡಿತು.

ಪ್ರಶ್ನೆ: ಬ್ಯಾಟ್‌ಮ್ಯಾನ್ ತನ್ನ ಗೆಳೆಯರನ್ನು ಹೇಗೆ ಸೋಲಿಸಬಹುದೆಂದು ಗುಟ್ಟಾಗಿ ಬರೆದಿಟ್ಟುಕೊಂಡಿದ್ದನಂತೆ. ಹಾಗಾದರೆ ಆ ಕಥೆಯ ಖಳ ಅವನೇ ಅಲ್ಲವೇ?

ಉತ್ತರ: ಬ್ಯಾಟ್‌ಮ್ಯಾನ್ ಇರುವ ಮಹಾವೀರರ ತಂಡ ಜಸ್ಟಿಸ್ ಲೀಗ್‌ನ ಮಾಲಿಕೆಯಲ್ಲಿ 2000ದಲ್ಲಿ ಬಂದ ‘ಟವರ್ ಆಫ್ ಬೇಬಲ್’ ಕಥೆ ಅದು. ಇವರನ್ನು ಸೋಲಿಸಲು ಖಳ ರಾಸ್ ಅಲ್ ಘೂಲ್ ಹೊಸದಾಗಿ ಏನನ್ನೂ ಕಂಡುಹಿಡಿಯುವುದಿಲ್ಲ, ಬ್ಯಾಟ್‌ಮ್ಯಾನ್‌ನ ಕಡತವನ್ನು ಕದಿಸಿ ಬಳಸುತ್ತಾನೆ. ಗ್ರೀನ್ ಲ್ಯಾಂಟರ್ನ್ ನಿದ್ದೆಯಲ್ಲಿದ್ದಾಗ ತಾನು ಕುರುಡ ಎಂಬ ನಂಬಿಕೆ ಬಿತ್ತಿದರೆ ಸಾಕು, ಉಳಿದದ್ದನ್ನು, ಅವನು ಅಂದುಕೊಂಡದ್ದನ್ನು ನಿಜ ಮಾಡುವ ಅವನ ಉಂಗುರವೇ ನಡೆಸಿಕೊಡುತ್ತದೆ. ಸೋಲೊಪ್ಪದ ವಂಡರ್ ವುಮನ್‌ಗೆ ಅವಳಷ್ಟೇ ಬಲದ ಎದುರಾಳಿಯ ಭ್ರಮೆ. ಹೃದಯ ನಿಲ್ಲುವವರೆಗೂ ಅವಳು ಕಾದಾಡಬೇಕು. ಓದುತ್ತಾ ನನಗೆ ಚಳಿ ಹಿಡಿದದ್ದು ಇದನ್ನೆಲ್ಲ ಬರೆದಿಟ್ಟ ಕೈ ಗೆಳೆಯನದು ಎಂಬ ಕಾರಣಕ್ಕೆ. ಅಷ್ಟು ಹತ್ತಿರದಿಂದ ಬಲ್ಲವನಿಗಲ್ಲದೆ ಇನ್ನಾರಿಗೂ ಇದು ಹೊಳೆಯದು.

ಅವನು ಖಳನಲ್ಲ; ಇಂಥ ಬಲಶಾಲಿಗಳು ದಾರಿ ತಪ್ಪಿದರೆ ತಡೆಯುವವರು ಯಾರು ಎಂಬ ಅವನ ಚಿಂತೆ ನ್ಯಾಯವಾದದ್ದೇ. ಹೇಳದೆ ಮುಚ್ಚಿಟ್ಟದ್ದಕ್ಕೆ ನನ್ನ ಕ್ಷಮೆಯಿಲ್ಲ. ಅವನ ಪಾಲಿನ ಬಲೆಯನ್ನೂ ಮರೆಯಬೇಡಿ. ಅವನ ಅಪ್ಪ ಅಮ್ಮನ ಶವಗಳನ್ನು ಸಮಾಧಿಯಿಂದ ಕದ್ದು ಅವನನ್ನು ಬೇರೆ ಕಡೆ ಓಡಿಸುತ್ತಾರೆ. ಎಲ್ಲರ ಮರ್ಮ ಬಲ್ಲವನು ತನ್ನ ಮರ್ಮಕ್ಕೆ ಕಾವಲಿಟ್ಟಿರಲಿಲ್ಲ.

ಪ್ರಶ್ನೆ: ಖಳನ ಮೋಸ ಬಯಲಾದ ಮೇಲೆ ಎಲ್ಲರೂ ಮೊದಲಿನಂತಾಗುತ್ತಾರಲ್ಲ, ಅದು ಬೇಸರವಲ್ಲವೇ?

ಉತ್ತರ: ಬಹಳ ಸಲ ಹೌದು. ಆದರೆ ‘ಅವೆಂಜರ್ಸ್’ ಎರಡನೆಯ ಸಂಚಿಕೆ ಓದಿ. ಸ್ಪೇಸ್ ಫ್ಯಾಂಟಮ್ ಎಂಬವನು ಒಬ್ಬೊಬ್ಬರ ರೂಪ ತಾಳಿ ಜಗಳ ಹಚ್ಚುತ್ತಾನೆ, ಥಾರ್‌ನ ರೂಪ ತಾಳಲು ಹೋಗಿ ಸೋಲುತ್ತಾನೆ. ಇನ್ನೇನು ಎಲ್ಲ ಸರಿಹೋಯಿತು ಎನ್ನುವಾಗ ಹಲ್ಕ್ ತಂಡ ಬಿಡುತ್ತಾನೆ. ಜಗಳದ ನಡುವೆ ಉಳಿದವರು ಆಡಿದ ಮಾತು, ಹೊಡೆದ ರೀತಿ ಎರಡನ್ನೂ ಅವನು ನೋಡಿದ್ದ. ಅವು ಫ್ಯಾಂಟಮ್ ಹೇಳಿಕೊಟ್ಟವಾಗಿರಲಿಲ್ಲ.