ವಾರ್ಡಿನಲ್ಲಿ ಕಲಿತದ್ದಕ್ಕೆ ಕ್ರೆಡಿಟ್ ಯಾಕಿಲ್ಲ?

ಮಾನ್ಯರೇ,

ನಿಮ್ಮ ಪತ್ರವನ್ನು ಪೂರ್ತಿ ಅಚ್ಚು ಮಾಡಲು ಜಾಗ ಸಾಲದು. ಉಳಿದ ಓದುಗರಿಗಾಗಿ ಅದರ ಸಾರವನ್ನಷ್ಟೇ ಹೇಳುತ್ತೇನೆ. ಸೇನೆಯ ವೈದ್ಯಕೀಯ ವಿಭಾಗದಲ್ಲಿ ನರ್ಸಿಂಗ್ ಸಹಾಯಕರಾಗಿದ್ದಿರಿ, ಕೊನೆಯ ವರ್ಷಗಳನ್ನು ಮನೋರೋಗಿಗಳ ವಾರ್ಡಿನಲ್ಲಿ ಕಳೆದಿರಿ. ನಿವೃತ್ತಿಯಾದ ಮೇಲೆ ವೃತ್ತಿ ತರಬೇತಿ ಕೇಂದ್ರದಲ್ಲಿ ವ್ಯಸನಮುಕ್ತಿ ಸಹಾಯಕರ ಕೋರ್ಸ್ ಮುಗಿಸಿದಿರಿ. ಈಗ ಮನೋವಿಜ್ಞಾನದಲ್ಲಿ ಪದವಿ ಓದಬೇಕೆಂಬ ಆಸೆ. ಪ್ರವೇಶ ವಿಭಾಗದವರು ನಿಮ್ಮ ತರಬೇತಿ ಪತ್ರಗಳ ಕಟ್ಟು ಬಿಚ್ಚಿಯೂ ನೋಡದೆ, ಎಲ್ಲರಂತೆ ಮೊದಲ ವರ್ಷದಿಂದ ಶುರು ಮಾಡಿ ಎಂದರು. ಹಳೆಯ ತರಬೇತಿಗೆ ಕ್ರೆಡಿಟ್, ಅಂದರೆ ಅದನ್ನೂ ಪದವಿಯ ಓದಿನ ಲೆಕ್ಕಕ್ಕೆ ಸೇರಿಸಿಕೊಳ್ಳುವ ಮಾನ್ಯತೆ, ಕೇಳಿದರೆ ಅಡ್ಡದಾರಿ ಹಿಡಿದಂತೆ ಆಗುವುದಿಲ್ಲವೇ ಎಂದು ನನ್ನನ್ನು ಕೇಳಿದ್ದೀರಿ.

ಖಂಡಿತ ಆಗುವುದಿಲ್ಲ. ಇಷ್ಟು ಚೆನ್ನಾಗಿ ಕೆಲಸ ಕಲಿತವರು ಇಷ್ಟು ಸಂಕೋಚದಿಂದ ಬರೆದಿದ್ದೀರಲ್ಲ ಎಂದು ನಿಮ್ಮ ಮೇಲೆ ಸ್ವಲ್ಪ ಕೋಪವೂ ಬಂತು. ಪತ್ರದ ನಡುವೆ ನೀವೇ ಒಂದು ರಾತ್ರಿ ಪಾಳಿಯ ಬಗ್ಗೆ ಬರೆದಿದ್ದೀರಿ. ನಿದ್ದೆಯಲ್ಲಿ ಕಿರುಚುವ ರೋಗಿಯನ್ನು ಭುಜ ಅಲುಗಿಸಿ ಎಬ್ಬಿಸಬಾರದು, ತಲೆಯ ಕಡೆಯಿಂದ ಬಾಗಬಾರದು. ಮಂಚದ ಕಾಲಿನ ಕಡೆ, ಅವನ ಕೈಗೆ ಸಿಗದಷ್ಟು ದೂರದಲ್ಲಿ ನಿಂತು ಮೊದಲು ಹೆಸರು ಹಿಡಿದು ಕರೆಯಬೇಕು, ಆಮೇಲೆ ತಾನೆಲ್ಲಿದ್ದೇನೆ ಎಂಬುದು ಅವನಿಗೆ ಗೊತ್ತಾಗುವಂತೆ ಜಾಗದ ಹೆಸರು ಹೇಳಬೇಕು, ದೀಪ ಹಾಕುವುದು ಅದಾದ ಮೇಲೆ. ಇದನ್ನು ಹಿರಿಯ ಹವಾಲ್ದಾರರೊಬ್ಬರು ಕಲಿಸಿದರು ಎಂದು ಬರೆದಿದ್ದೀರಿ. ಆಘಾತಕ್ಕೆ ಸಿಕ್ಕಿದ ಮನಸ್ಸು ಸದಾ ಎಚ್ಚರದ ಸ್ಥಿತಿಯಲ್ಲಿರುತ್ತದೆ, ಸಣ್ಣ ಸ್ಪರ್ಶಕ್ಕೂ ಬೆಚ್ಚಿ ಕೈ ಬೀಸುತ್ತದೆ ಎಂದು ಮನೋರೋಗಗಳ ಬಗ್ಗೆ ಕಲಿಸುವ ಅಸಾಮಾನ್ಯ ಮನೋವಿಜ್ಞಾನದ ಪಾಠ ಹೇಳುತ್ತದೆ. ಅದನ್ನು ಓದಿ ಪರೀಕ್ಷೆ ಬರೆದವರಿಗೆ ಅಂಕ ಸಿಗುತ್ತದೆ. ಅದನ್ನೇ ನಡುರಾತ್ರಿ ಮಾಡಿ ತೋರಿಸಿದವರಿಗೆ ಏನೂ ಇಲ್ಲ ಎಂದರೆ ಯಾವ ನ್ಯಾಯ?

ಎದುರು ಪಕ್ಷದ ಮಾತನ್ನೂ ಹೇಳಬೇಕು. ಸಂಖ್ಯಾಶಾಸ್ತ್ರ, ಸಂಶೋಧನಾ ವಿಧಾನ, ಮಾಪನ ಇವು ವಾರ್ಡಿನಲ್ಲಿ ಬರುವ ವಿದ್ಯೆಗಳಲ್ಲ, ಕೂತು ಓದಲೇಬೇಕು. ಒಂದು ವಾರ್ಡಿನಲ್ಲಿ ಕಂಡವರನ್ನೇ ಇಡೀ ಮನುಕುಲ ಎಂದುಕೊಳ್ಳುವ ಅಪಾಯವೂ ಅನುಭವಸ್ಥರಿಗೆ ಇದ್ದೇ ಇದೆ. ಪದವಿಯೊಂದರಿಂದಲೇ ಚಿಕಿತ್ಸಕರಾಗುವ ಪರವಾನಗಿ ಬರುವುದಿಲ್ಲ ಎಂಬುದೂ ನೆನಪಿರಲಿ, ಅದಕ್ಕೆ ಮುಂದಿನ ಓದು ಬೇಕು. ಇಷ್ಟನ್ನು ಒಪ್ಪೋಣ.

ಆದರೆ ಸೈನಿಕರಿಗೆ ಬಾಗಿಲು ತೆರೆಯಲು ಮನೋವಿಜ್ಞಾನ ವಿಭಾಗಗಳೇ ಹಿಂದೇಟು ಹಾಕುವುದು ನನಗೆ ಅರ್ಥವಾಗದ ಸಂಗತಿ. ಈ ಶಾಸ್ತ್ರದ ಮೇಲಿರುವ ಸೇನೆಯ ಋಣ ಸಣ್ಣದಲ್ಲ. 1917ರಲ್ಲಿ ಅಮೆರಿಕ ಮೊದಲನೆಯ ಮಹಾಯುದ್ಧಕ್ಕಿಳಿದಾಗ ಮನೋವಿಜ್ಞಾನಿ ರಾಬರ್ಟ್ ಯರ್ಕ್ಸ್ ತಂಡ ಸುಮಾರು 17 ಲಕ್ಷ ಸೈನಿಕರಿಗೆ ಬುದ್ಧಿ ಪರೀಕ್ಷೆ ಮಾಡಿತು. ಓದು ಬಲ್ಲವರಿಗೆ ಆಲ್ಫಾ, ಓದು ಬಾರದವರಿಗೆ ಚಿತ್ರಗಳ ಬೀಟಾ. ಆ ಪರೀಕ್ಷೆಗಳಲ್ಲಿ ದೋಷಗಳು ಬೇಕಾದಷ್ಟಿದ್ದವು, ಆದರೂ ಗುಂಪು ಪರೀಕ್ಷೆ ಎಂಬುದು ಬೇರೂರಿದ್ದು ಅಲ್ಲಿಂದಲೇ. ಎರಡನೆಯ ಮಹಾಯುದ್ಧ ಮುಗಿದಾಗ ಮನಸ್ಸು ಘಾಸಿಗೊಂಡು ಮರಳಿದವರನ್ನು ನೋಡಿಕೊಳ್ಳಲು ಜನರೇ ಸಾಲದಾದರು. 1946ರಲ್ಲಿ ಅಲ್ಲಿನ ಮಾಜಿ ಸೈನಿಕರ ಇಲಾಖೆ ಕ್ಲಿನಿಕಲ್ ಮನೋವಿಜ್ಞಾನಿಗಳ, ಅಂದರೆ ಮನೋರೋಗಿಗಳನ್ನು ಪರೀಕ್ಷಿಸಿ ನೆರವಾಗುವ ಮನೋವಿಜ್ಞಾನಿಗಳ, ತರಬೇತಿ ಶುರು ಮಾಡಿತು. ಇವತ್ತು ಕ್ಲಿನಿಕಲ್ ಸೈಕಾಲಜಿ ಎಂದು ಕರೆಯುವ ವೃತ್ತಿ ಬೆಳೆದದ್ದು ಹೆಚ್ಚಾಗಿ ಆ ಇಲಾಖೆಯ ಹಣದಿಂದ, ಆ ರೋಗಿಗಳಿಂದ.

ಈಗ ನನಗೆ ಬಲು ಇಷ್ಟವಾದ ಒಬ್ಬ ಮನುಷ್ಯನ ಕತೆ ಕೇಳಿ. ಅದೇ ಯುದ್ಧದ ಕಾಲದಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಮಕ್ಕಳ ಮನೋವಿಶ್ಲೇಷಕಿ ಆನಾ ಫ್ರಾಯ್ಡ್ ಮಕ್ಕಳ ಆಶ್ರಯಧಾಮ ನಡೆಸುತ್ತಿದ್ದರು. ಅಲ್ಲಿ ಬಾಯ್ಲರ್‌ಗೆ ಬೆಂಕಿ ಹಾಕುವ, ರಿಪೇರಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿದವರು ಜೇಮ್ಸ್ ರಾಬರ್ಟ್‌ಸನ್. ಯಾವ ಕೆಲಸದವರೇ ಆಗಲಿ, ಮಕ್ಕಳಲ್ಲಿ ಕಂಡದ್ದನ್ನು ಕಾರ್ಡಿನ ಮೇಲೆ ಬರೆದಿಡಬೇಕು ಎಂಬುದು ಆನಾ ಅವರ ಕಟ್ಟಪ್ಪಣೆ. ಬರೆದಿಟ್ಟ ಕಾರ್ಡುಗಳ ಮೇಲೆ ಎಲ್ಲರೂ ಕೂತು ಚರ್ಚೆ ಮಾಡುತ್ತಿದ್ದರು. ರಾಬರ್ಟ್‌ಸನ್ ನೋಡುವುದನ್ನು ಕಲಿತದ್ದು ಹಾಗೆ. ಮುಂದೆ ಮನೋವೈದ್ಯ ಜಾನ್ ಬೋಲ್ಬಿ ಜೊತೆ ಸೇರಿದರು. ಆಸ್ಪತ್ರೆಗೆ ಸೇರಿದ ಮಕ್ಕಳನ್ನು ತಾಯ್ತಂದೆಯರಿಂದ ದೂರ ಇಡುತ್ತಿದ್ದ ಕಾಲ ಅದು. ಅಳು ನಿಲ್ಲಿಸಿದ ಮಗು ಹೊಂದಿಕೊಂಡಿದೆ ಎಂದು ಡಾಕ್ಟರುಗಳು ಹೇಳಿದರೆ, ಅದು ಹತಾಶೆಯಿಂದ ಸುಮ್ಮನಾಗಿದೆ ಎಂದು ರಾಬರ್ಟ್‌ಸನ್ ಹೇಳಿದರು. ಯಾರೂ ನಂಬಲಿಲ್ಲ. ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹುಡುಗಿಯೊಬ್ಬಳನ್ನು ಕೈಲಿ ಹಿಡಿದ ಕ್ಯಾಮೆರಾದಲ್ಲಿ ಚಿತ್ರೀಕರಿಸಿ 1952ರಲ್ಲಿ ವೈದ್ಯರ ಮುಂದಿಟ್ಟರು. ವಿರೋಧ ಜೋರಾಗಿಯೇ ಬಂತು. ಆದರೆ 1959ರಲ್ಲಿ ಆಸ್ಪತ್ರೆಯಲ್ಲಿರುವ ಮಕ್ಕಳ ಬಗ್ಗೆ ಬ್ರಿಟನ್ನಿನ ಸಮಿತಿಯೊಂದು ಕೊಟ್ಟ ಪ್ಲಾಟ್ ವರದಿ, ತಾಯ್ತಂದೆಯರಿಗೆ ಮಗುವನ್ನು ನೋಡಲು ನಿರ್ಬಂಧ ಇರಬಾರದು ಎಂದಿತು. ಇವತ್ತು ಮಕ್ಕಳ ವಾರ್ಡಿನಲ್ಲಿ ತಾಯಿ ಪಕ್ಕದಲ್ಲೇ ಮಲಗುವುದನ್ನು ನೋಡಿದಾಗಲೆಲ್ಲ ನನಗೆ ಆ ಬಾಯ್ಲರ್ ಕೆಲಸಗಾರ ನೆನಪಾಗುತ್ತಾರೆ.

ಎರಿಕ್ ಎರಿಕ್‌ಸನ್ ಬಗ್ಗೆ ನೀವೂ ಓದಿರುತ್ತೀರಿ. ಮನಸ್ಸು ಬೆಳೆಯುವ ಎಂಟು ಹಂತಗಳನ್ನು ಹೇಳಿದ ಮನೋವಿಶ್ಲೇಷಕರು. ಅವರ ಬಳಿ ಮಾಂಟೆಸರಿ ಶಿಕ್ಷಕರ ಡಿಪ್ಲೊಮಾ, ವಿಯೆನ್ನಾದ ಮನೋವಿಶ್ಲೇಷಣಾ ತರಬೇತಿ ಇತ್ತೇ ವಿನಾ ವಿಶ್ವವಿದ್ಯಾಲಯದ ಪದವಿ ಒಂದೂ ಇರಲಿಲ್ಲ. 1960ರಲ್ಲಿ ಹಾರ್ವರ್ಡ್ ಅವರನ್ನು ಪ್ರಾಧ್ಯಾಪಕರನ್ನಾಗಿ ಮಾಡಿಕೊಂಡಿತು.

ಮಾಜಿ ಸೈನಿಕರು ಬಂದರೆ ಓದಿನ ಮಟ್ಟ ಕುಸಿಯುತ್ತದೆ ಎಂಬ ಹಳೆಯ ರಾಗವೂ ಪರೀಕ್ಷೆಗೆ ಒಳಗಾಗಿದೆ. ಮಾಜಿ ಸೈನಿಕರ ಓದಿನ ಖರ್ಚನ್ನು ಸರ್ಕಾರವೇ ಹೊತ್ತ 1944ರ ಜಿಐ ಬಿಲ್ ಕಾನೂನಿನಿಂದ ಅಮೆರಿಕದಲ್ಲಿ ಸುಮಾರು 22 ಲಕ್ಷ ಮಾಜಿ ಸೈನಿಕರು ಕಾಲೇಜು ಮೆಟ್ಟಿಲು ಹತ್ತಿದರು. ಆರಂಭದಲ್ಲಿ ಆತಂಕಪಟ್ಟವರಲ್ಲಿ ಹಾರ್ವರ್ಡ್‌ನ ಅಧ್ಯಕ್ಷ ಜೇಮ್ಸ್ ಕೊನಂಟ್ ಕೂಡ ಒಬ್ಬರು. ಆಮೇಲೆ ಅವರೇ ಈ ವಿದ್ಯಾರ್ಥಿಗಳ ಪ್ರೌಢತೆಯನ್ನು ಬಾಯ್ತುಂಬ ಹೊಗಳಿದರು.

ದಾರಿಗಳೂ ಇಲ್ಲದಿಲ್ಲ. ಅಮೆರಿಕದ ಕಾಲೇಜುಗಳ ಒಕ್ಕೂಟವಾದ ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್ 1945ರಿಂದಲೂ ಸೇನಾ ತರಬೇತಿಯನ್ನು ಪರಿಶೀಲಿಸಿ ಇಂತಿಷ್ಟು ಕ್ರೆಡಿಟ್ ಕೊಡಬಹುದೆಂದು ಶಿಫಾರಸು ಮಾಡುತ್ತಿದೆ. ಫ್ರಾನ್ಸ್‌ನಲ್ಲಿ 2002ರ ಕಾನೂನಿನ ಪ್ರಕಾರ, ಅನುಭವವನ್ನು ತೂಗಿ ನೋಡಿದ ತೀರ್ಪುಗಾರರು ಇಡೀ ಪದವಿಯನ್ನೇ ಕೊಡಬಹುದು. ಭಾರತದಲ್ಲಿ 2022ರಲ್ಲಿ ಅಗ್ನಿವೀರರಿಗಾಗಿ ಘೋಷಿಸಿದ ಇಗ್ನೋ ಪದವಿಯಲ್ಲಿ ಅರ್ಧದಷ್ಟು ಕ್ರೆಡಿಟ್ ಸೇವೆಯಲ್ಲಿ ಪಡೆದ ಕೌಶಲ ತರಬೇತಿಯಿಂದಲೇ ಬರುತ್ತದೆ.

ಆದರೆ ಕಾಗದದ ಮೇಲಿನ ಔದಾರ್ಯವನ್ನು ನಂಬಿ ಕೂರಬೇಡಿ. ಕ್ರೆಡಿಟ್ ಕೊಟ್ಟೆವು ಎನ್ನುತ್ತಾರೆ, ಅಷ್ಟನ್ನೂ ಐಚ್ಛಿಕ ವಿಷಯಗಳ ಲೆಕ್ಕಕ್ಕೆ ತಳ್ಳುತ್ತಾರೆ. ಮನೋವಿಜ್ಞಾನದ ಮುಖ್ಯ ಪತ್ರಿಕೆ ಒಂದೂ ಕಡಿಮೆಯಾಗುವುದಿಲ್ಲ, ವರ್ಷವೂ ಉಳಿಯುವುದಿಲ್ಲ. ನನ್ನ ಸಿಟ್ಟು ಇರುವುದು ಇಲ್ಲೇ. ಆಸ್ಪತ್ರೆ, ಜೈಲು, ವೃದ್ಧಾಶ್ರಮ, ಎಲ್ಲಿ ನೋಡಿದರೂ ರೋಗಿಯ ಪಕ್ಕ ಇಡೀ ರಾತ್ರಿ ಕೂರುವವರು ಸಹಾಯಕರು. ಬೆಳಿಗ್ಗೆ ಬಂದ ತಜ್ಞರು ಅವರನ್ನೇ ಕೇಳಿ ವರದಿ ಬರೆಯುತ್ತಾರೆ. ವರದಿಯಲ್ಲಿ ಹೇಳಿದವರ ಹೆಸರು ಇರುವುದಿಲ್ಲ. ಮೈ ಬಗ್ಗಿಸಿ ದುಡಿದವರಿಗೆ ಬುದ್ಧಿ ಎಲ್ಲಿಂದ ಬರಬೇಕು ಎಂಬ ತಾತ್ಸಾರ ನಮ್ಮ ಓದಿದ ಜನರಲ್ಲಿ ಇನ್ನೂ ಹೋಗಿಲ್ಲ. ಅದೇ ತಾತ್ಸಾರ ಪ್ರವೇಶ ವಿಭಾಗದ ಮೇಜಿನ ಆಚೆಯೂ ಕೂತಿದೆ.

ಆದ್ದರಿಂದ ಮತ್ತೆ ಹೋಗಿ. ಪ್ರವೇಶ ವಿಭಾಗಕ್ಕಲ್ಲ, ಮನೋವಿಜ್ಞಾನ ವಿಭಾಗದ ಮುಖ್ಯಸ್ಥರ ಬಳಿಗೆ. ಪ್ರಮಾಣಪತ್ರದ ಜೊತೆ ತರಬೇತಿಯ ಪಠ್ಯಕ್ರಮ, ಗಂಟೆಗಳ ಲೆಕ್ಕ, ಮೇಲಧಿಕಾರಿಗಳ ಪತ್ರ ಇರಲಿ. ಆ ರಾತ್ರಿ ಪಾಳಿಯ ಸಂಗತಿಯನ್ನು, ರೋಗಿಯ ಗುರುತು ಬಿಟ್ಟುಕೊಡದೆ, ಯಾವ ಪಾಠಕ್ಕೆ ಹೊಂದುತ್ತದೆ ಎಂದು ತೋರಿಸಿ ಬರೆಯಿರಿ. ತರಗತಿಗೆ ಕೂರದೆ ನೇರವಾಗಿ ಪರೀಕ್ಷೆ ಬರೆಯುವ ಅವಕಾಶವಿದ್ದರೆ ಅದನ್ನೂ ಕೇಳಿ. ಎಷ್ಟು ಕ್ರೆಡಿಟ್ ಎಂದು ಕೇಳುವುದಕ್ಕಿಂತ, ಯಾವ ಪತ್ರಿಕೆಯ ಬದಲಿಗೆ ಎಂದು ಕೇಳಿ. ಉತ್ತರ ಲಿಖಿತದಲ್ಲೇ ಇರಲಿ. ಶುಲ್ಕ ಕಟ್ಟುವುದು ಆ ಉತ್ತರ ಕೈಸೇರಿದ ಮೇಲೆ. ಅವರು ಇಲ್ಲ ಎಂದರೆ ಕಾರಣ ಏನು ಕೊಟ್ಟರು ಎಂದು ನಮಗೂ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

– ಸಂಪಾದಕ