ಗಾಡಿ ಮಾತು: ಹಿಂದಿನವನಿಗೆ ದಾರಿ ಬಿಟ್ಟರೆ ಸೋತ ಹಾಗಾ?

ಹೋದ ತಿಂಗಳು ನನ್ನ ಹಳೇ ಎಸ್ಟೀಮ್ ಕಾರು ತಗೊಂಡು ಚೆನ್ನೈ ಟ್ರ್ಯಾಕ್‌ಗೆ ಹೋಗಿ ಬಂದದ್ದನ್ನು ಇಲ್ಲಿ ಎರಡು ಸಾಲು ಬರೆದಿದ್ದೆ. ಈ ಸಲ ಮೈಲೇಜು, ಕ್ಲಚ್ಚಿನ ಪತ್ರಗಳೆಲ್ಲ ಹಿಂದೆ ಬಿದ್ದು, ಬರೀ ಟ್ರ್ಯಾಕ್ ಡೇ ಪ್ರಶ್ನೆಗಳೇ ಬಂದಿವೆ. ಗೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ: ಟ್ರ್ಯಾಕ್ ಡೇ ಅಂದರೆ ರೇಸ್ ಅಲ್ಲ. ದುಡ್ಡು ಕಟ್ಟಿ, ನಮ್ಮದೇ ಕಾರನ್ನು ರೇಸ್ ಟ್ರ್ಯಾಕ್ ಮೇಲೆ ಓಡಿಸಿ ಕಲಿಯುವ ದಿನ. ಕಪ್ಪೂ ಇಲ್ಲ, ಹಾರವೂ ಇಲ್ಲ. ನಾನು ತುಮಕೂರಿನ ಶಿರಾ ಗೇಟ್ ಹತ್ತಿರ ವೀಲ್ ಅಲೈನ್‌ಮೆಂಟ್ ಮಾಡಿಕೊಂಡಿರುವವನು, ರೇಸರ್ ಅಲ್ಲ. ವರ್ಷಕ್ಕೆ ಎರಡು ಸಲ ಹೋಗಿ ಪೆಟ್ಟು ತಿಂದು ಕಲಿತದ್ದನ್ನು ಹೇಳುತ್ತೇನೆ.

ಮುಂದಿನ ತಿಂಗಳು ಮೊದಲ ಸಲ ಚೆನ್ನೈ ಟ್ರ್ಯಾಕ್‌ಗೆ ಹೋಗ್ತಿದೀನಿ. ನನ್ನದು ಸ್ವಿಫ್ಟ್. ಹಿಂದಿನಿಂದ ಜೋರಾಗಿ ಬರೋರಿಗೆ ದಾರಿ ಬಿಡಬೇಕಂತೆ. ನಾನೂ ಅಷ್ಟೇ ದುಡ್ಡು ಕಟ್ಟಿರ್ತೀನಿ, ನಾನ್ಯಾಕೆ ಬಿಡಬೇಕು ಅಣ್ಣಾ?
- ಓದುಗ, ತಿಪಟೂರು

ತಮ್ಮಾ, ಹನ್ನೊಂದು ವರ್ಷದ ಹಿಂದೆ ನಾನೂ ಇದೇ ಮಾತು ಆಡಿದ್ದೆ. ಏನಾಯ್ತು ಹೇಳ್ತೀನಿ ಕೇಳು.

ಶ್ರೀಪೆರಂಬುದೂರು ದಾಟಿದರೆ ಇರುಂಗಾಟ್ಟುಕೋಟ್ಟೈ. ಟ್ರ್ಯಾಕ್ ಇರುವುದು ಅಲ್ಲೇ, ಒಂದು ಸುತ್ತಿಗೆ 3.7 ಕಿ.ಮೀ., ಹನ್ನೆರಡು ತಿರುವು. ಅವತ್ತಿನ ಎರಡನೇ ಸೆಷನ್, ಅಂದರೆ ನಮ್ಮ ಗುಂಪು ಓಡಿಸುವ ಎರಡನೇ ಸರದಿ. ಹಿಂದೆ ಒಂದು ಕೆಂಪು ಪೋಲೋ ಕಾರು ಬಂತು. ಒಳಗಿನ ಕನ್ನಡಿ ಪೂರ್ತಿ ಕೆಂಪು. ಎರಡು ಸುತ್ತು ನಾನು ದಾರಿ ಬಿಡಲಿಲ್ಲ. ನೇರ ರಸ್ತೆ ಸಿಕ್ಕಲ್ಲೆಲ್ಲ ಆಕ್ಸಿಲರೇಟರ್ ಒತ್ತಿ ಹಿಡಿದೆ, ತಿರುವಿನಲ್ಲಿ ಅವರು ಮತ್ತೆ ಬಂದು ಬೆನ್ನಿಗೆ ಅಂಟಿಕೊಂಡರು. ಮೂರನೇ ಸುತ್ತಿನಲ್ಲಿ ಒಂದು ತಿರುವಿಗೆ ಬ್ರೇಕ್ ಹಿಡಿಯಬೇಕಾದ ಜಾಗದಲ್ಲಿ ನನ್ನ ಕಣ್ಣು ಕನ್ನಡಿಯಲ್ಲಿತ್ತು. ತಡವಾಗಿ ಹಿಡಿದೆ. ಎರಡು ಚಕ್ರ ಮಣ್ಣಿಗೆ ಇಳಿದವು. ಗಾಡಿ ಬುಗುರಿ ಥರ ತಿರುಗಿ, ಬಂದ ದಾರಿಗೇ ಮುಖ ಮಾಡಿ ನಿಂತಿತು. ಇಂಜಿನ್ ಆಫ್. ರೇಡಿಯೇಟರ್ ಫ್ಯಾನಿನ ಸದ್ದು ಒಂದು ಬಿಟ್ಟರೆ ಇನ್ನೇನೂ ಇಲ್ಲ.

ಕೆಂಪು ಬಾವುಟ ಹಾರಿತು. ಅಂದರೆ ಎಲ್ಲರೂ ನಿಧಾನಕ್ಕೆ ಟ್ರ್ಯಾಕ್ ಪಕ್ಕ ಗಾಡಿ ನಿಲ್ಲಿಸುವ ಪಿಟ್‌ಗೆ ವಾಪಸ್. ನನ್ನ ಗಾಡಿ ಎಳೆದು ತರುವಷ್ಟರಲ್ಲಿ ಸೆಷನ್ ಟೈಮು ಮುಗಿದೇ ಹೋಗಿತ್ತು. ನನ್ನ ಹಟಕ್ಕೆ ಹತ್ತು ಹನ್ನೆರಡು ಜನರ ದುಡ್ಡು ನೀರಿನಲ್ಲಿ ಹೋಮ.

ಪೋಲೋದವರು ಹೆಲ್ಮೆಟ್ ತೆಗೆದು ನನ್ನ ಕಡೆಗೇ ಬಂದರು. ನೆರೆತ ಕೂದಲು, ನಮ್ಮಪ್ಪನ ವಯಸ್ಸು. ಜಗಳ ಗ್ಯಾರಂಟಿ ಅಂದುಕೊಂಡೆ. ಅವರು ಬಗ್ಗಿ, ನನ್ನ ಗ್ರಿಲ್‌ನಲ್ಲಿ ಸಿಕ್ಕಿಕೊಂಡಿದ್ದ ಹುಲ್ಲನ್ನು ಕೈಯಲ್ಲೇ ಕಿತ್ತು ಹಾಕಿ, "ಮೊದಲ್ಲೆ ತಣ್ಣಿ ಕುಡಿ, ತಂಬಿ" ಅಂದರು. ಮುಂದಿನ ಸೆಷನ್‌ಗೆ ಆಯೋಜಕರನ್ನು ಕೇಳಿಕೊಂಡು ನನ್ನ ಪಕ್ಕದ ಸೀಟಿನಲ್ಲಿ ಬಂದು ಕೂತರು. ದಾರಿ ಬಿಡೋದನ್ನು ಕಲಿಸಿದ್ದು ಅವರೇ.

ಅದು ಹೀಗೆ. ದಾರಿ ಬಿಡುವುದು ನೇರ ರಸ್ತೆಯಲ್ಲಿ ಮಾತ್ರ. ತಿರುವಿನೊಳಗೆ ಯಾವತ್ತೂ ಬೇಡ. ಹಿಂದೆ ಯಾರೋ ಬಂದರು ಅಂತ ಗಾಬರಿಯಾಗಿ ಪಕ್ಕಕ್ಕೆ ಎಳೆಯಬೇಡ, ಬ್ರೇಕ್ ಹಾಕಲೇಬೇಡ. ನೀನಿರುವ ಸಾಲಿನಲ್ಲೇ ಇರು. ಕಿಟಕಿಯಿಂದ ಕೈ ಚಾಚಿ, ಅವರು ಯಾವ ಕಡೆಯಿಂದ ಹೋಗಬೇಕು ಅಂತ ತೋರಿಸು. ಬಲಗಡೆಯಾದರೆ ಬಲಕ್ಕೆ, ಎಡಗಡೆಯಾದರೆ ಕೈಯನ್ನು ಟಾಪಿನ ಮೇಲೆ ತಂದು ಎಡಕ್ಕೆ. ಕೆಲವು ಕಡೆ ಕೈ ಬೇಡ, ಇಂಡಿಕೇಟರ್ ಹಾಕಿ ಅಂತಾರೆ. ಬೆಳಿಗ್ಗೆ ನಿಯಮ ತಿಳಿಸೋ ಬ್ರೀಫಿಂಗ್‌ನಲ್ಲಿ ಹೇಳ್ತಾರೆ, ಕಿವಿಗೊಟ್ಟು ಕೇಳು. ಕೈ ತೋರಿಸಿದ ಮೇಲೆ ಆಕ್ಸಿಲರೇಟರ್‌ನಿಂದ ಕಾಲು ಸ್ವಲ್ಪ ಎತ್ತು. ಇದನ್ನೇ ಎಲ್ಲರೂ ಮರೆಯೋದು. ಕೈಯಲ್ಲಿ ಬಾ ಬಾ ಅಂತ ಕರೆದು ಕಾಲಲ್ಲಿ ಓಡಿದರೆ ಅವರು ಹೋಗೋದಾದರೂ ಹೇಗೆ? ಹಿಂದೆ ಮೂರು ಗಾಡಿ ಇದ್ದರೆ ಮೂರು ಸಲ ಕೈ ತೋರಿಸಬೇಕು. ಒಂದು ಕೈಗೆ ಒಂದೇ ಗಾಡಿ.

ಹಿಂದಿರುವವರಿಗೂ ತಾಳ್ಮೆ ಬೇಕು. ಮುಂದಿನವನು ಕೈ ತೋರಿಸುವ ತನಕ ಹಿಂದೆಯೇ ಇರಬೇಕು. ಹಾರ್ನ್ ಇಲ್ಲ, ಲೈಟ್ ಹೊಡೆಯೋದಿಲ್ಲ. ಇನ್ನು ದೊಡ್ಡ ಕಾರಿನವರಿಗೆ ಒಂದು ಮಾತು. ನೇರ ರಸ್ತೆಯಲ್ಲಿ ನಿಮ್ಮ ಗಾಡಿ ಹಾರಿಕೊಂಡು ಹೋಗುತ್ತೆ, ಸರಿ. ಆದರೆ ಪ್ರತಿ ತಿರುವಿನಲ್ಲೂ ಒಂದು ಸ್ವಿಫ್ಟ್ ಬಂದು ನಿಮ್ಮ ಬಂಪರ್ ಮೂಸುತ್ತಿದೆ ಅಂದರೆ, ಓಡಿಸೋದರಲ್ಲಿ ಅವನೇ ಜೋರು. ನೇರ ರಸ್ತೆಯಲ್ಲಿ ಕಾಲೆತ್ತಿ ಅವನನ್ನು ಮುಂದೆ ಬಿಡಿ. ಈ ಬುದ್ಧಿ ಬರೋದು ಇಂಜಿನ್ ದೊಡ್ಡದಾದಷ್ಟೂ ತಡ.

ತಿಪಟೂರಿನವನು ನೀನು, ತೋಟದ ಬದು ನೋಡಿರ್ತೀಯ. ಎದುರಿಗೆ ತಲೆ ಮೇಲೆ ಹೊರೆ ಹೊತ್ತವರು ಬಂದರೆ ಬರಿಗೈಯಲ್ಲಿದ್ದವರು ಪಕ್ಕಕ್ಕೆ ಸರೀತಾರೆ. ಅಲ್ಲಿ ಸೋತವರು ಯಾರು?

ಕಳೆದ ಸಲ ಹೋಗಿದ್ದೆ. ದಿನವಿಡೀ ಬಿಸಿಲಲ್ಲಿ ಕಾದು ಓಡಿಸಿದ್ದು ಒಂದೂಕಾಲು ಗಂಟೆ. ಇದು ಮೋಸ ಅಲ್ವಾ ಸರ್?
- ಓದುಗ, ಎಸ್.ಎಸ್. ಪುರಂ, ತುಮಕೂರು

ಅಲ್ಲ. ಹೊಸಬರು, ಸ್ವಲ್ಪ ಕಲಿತವರು, ಜೋರಾಗಿ ಓಡಿಸುವವರು ಅಂತ ಗುಂಪು ಮಾಡಿ, ಒಂದೊಂದು ಗುಂಪನ್ನು ಹದಿನೈದು ಇಪ್ಪತ್ತು ನಿಮಿಷ ಬಿಡುತ್ತಾರೆ. ಅಷ್ಟು ಹೊತ್ತಿಗೆ ಟಯರು, ಬ್ರೇಕು, ಓಡಿಸುವವನ ತಲೆ ಮೂರೂ ಕಾದಿರುತ್ತವೆ. ಆರಲು ಟೈಮು ಬೇಕು. ನನ್ನ ಎಸ್ಟೀಮ್‌ಗೆ 30 ಪಿಎಸ್‌ಐ ಗಾಳಿ ಹಾಕಿ ಹೋದದ್ದು ನಾಲ್ಕು ಸುತ್ತು ಆಗಿ ಬಂದಾಗ 36 ತೋರಿಸಿತ್ತು.

ಕಾಯುವ ಹೊತ್ತನ್ನು ಮೊಬೈಲ್ ನೋಡಿಕೊಂಡು ಕಳೆದಿರಾ? ಹಾಗಿದ್ದರೆ ನಿಜವಾಗಿ ನಷ್ಟ. ನೋಡುವವರಿಗೆ ನಿಲ್ಲಲು ಬಿಟ್ಟಿರುವ ಕಡೆ ಹೋಗಿ ನಿಂತು, ಬೇರೆಯವರ ಬ್ರೇಕ್ ಲೈಟ್ ಎಲ್ಲಿ ಹತ್ತುತ್ತೆ ನೋಡಿ. ಚೆನ್ನಾಗಿ ಓಡಿಸುವವರದು ಸುತ್ತು ಸುತ್ತಿಗೂ ಅದೇ ಜಾಗದಲ್ಲಿ ಹತ್ತುತ್ತೆ. ಹೊಸಬರದು ಒಂದೊಂದು ಸಲ ಒಂದೊಂದು ಕಡೆ. ನಾನು ಮನೆಯ ಹಾಲಿನ ಲೆಕ್ಕದ ಪುಸ್ತಕದ ಹಿಂಭಾಗದಲ್ಲಿ ಇದನ್ನೆಲ್ಲ ಬರೆದುಕೊಳ್ಳುತ್ತೇನೆ. ಮನೆಯವಳು ಬೈಯುತ್ತಾಳೆ, ಅದು ಬೇರೆ ಮಾತು.

ಮೊದಲ ಸೆಷನ್ ಬಾವುಟದವರು ಎಲ್ಲೆಲ್ಲಿ ನಿಂತಿದ್ದಾರೆ ಅಂತ ನೋಡಿಕೊಳ್ಳುವುದಕ್ಕೆ. ಹಳದಿ ಕಂಡರೆ ಮುಂದೆ ಅಪಾಯ, ನಿಧಾನ ಮಾಡಿ, ಯಾರನ್ನೂ ದಾಟಬೇಡಿ. ನೀಲಿ ಅಂದರೆ ಹಿಂದೆ ಜೋರಾದವರು ಬಂದಿದ್ದಾರೆ. ಹಳದಿ ಮೇಲೆ ಕೆಂಪು ಪಟ್ಟೆ ಇದ್ದರೆ ರಸ್ತೆಯಲ್ಲಿ ಎಣ್ಣೆಯೋ ನೀರೋ ಇದೆ, ಜಾರುತ್ತೆ. ನಿಮಗೆ ಕಪ್ಪು ತೋರಿಸಿದರೆ ಸುಮ್ನೆ ಒಳಗೆ ಬನ್ನಿ, ಅಲ್ಲೇ ವಾದ ಬೇಡ. ಚೌಕುಳಿ ಬಾವುಟ ಬಂದರೆ ಸೆಷನ್ ಮುಗಿಯಿತು, ಒಂದು ಸುತ್ತು ಬ್ರೇಕ್ ಹೆಚ್ಚು ಮುಟ್ಟದೆ ಮೆಲ್ಲಗೆ ಓಡಿಸಿ ತಣ್ಣಗೆ ಮಾಡಿ ತನ್ನಿ.

ಸಂಜೆಯ ಕೊನೇ ಸೆಷನ್ ನಾನು ಬಿಟ್ಟೇಬಿಡುತ್ತೇನೆ. ಮೈ ಸೋತಿರುತ್ತೆ, ಇನ್ನೊಂದೇ ಒಂದು ಸುತ್ತು ಜೋರಾಗಿ ಅನ್ನೋ ಆಸೆ ಮಾತ್ರ ಸೋತಿರಲ್ಲ. ಅದೇ ಗಾಡಿಯಲ್ಲಿ ತುಮಕೂರಿಗೂ ಬರಬೇಕಲ್ಲ.

ಟ್ರ್ಯಾಕ್‌ಗೆ ಹೋಗೋ ಮುಂಚೆ ಬೆಳಗಿನ ಜಾವ ನಂದಿ ಬೆಟ್ಟದ ತಿರುವುಗಳಲ್ಲಿ ಪ್ರಾಕ್ಟೀಸ್ ಮಾಡಬಹುದಾ?
- ಓದುಗ, ಚಿಕ್ಕಬಳ್ಳಾಪುರ

ಬೇಡ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿ ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಇದೆ. ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಅದನ್ನು ಬಿಡಿ, ಟ್ರ್ಯಾಕ್‌ನಲ್ಲಿ ಎದುರಿಗೆ ಯಾರೂ ಬರಲ್ಲ. ಬೆಟ್ಟದ ತಿರುವಿನಲ್ಲಿ ಹಾಲಿನ ಗಾಡಿ ಬರುತ್ತೆ. ನಮ್ಮ ತುಮಕೂರು ಸುತ್ತ ಕೆ-1000 ಅನ್ನೋ ಕಾರು ರ‍್ಯಾಲಿ ಆದಾಗ ಅಷ್ಟು ಪಳಗಿದವರಿಗೂ ರಸ್ತೆ ಬಂದ್ ಮಾಡಿಯೇ ಬಿಡೋದು.

ಪ್ರಾಕ್ಟೀಸ್ ಮಾಡಲೇಬೇಕಾ? ಪಕ್ಕದ ಸೀಟಿನಲ್ಲಿ ನಿದ್ದೆ ಮಾಡುತ್ತಿರುವವರಿಗೆ ಎಚ್ಚರ ಆಗದ ಹಾಗೆ ಬ್ರೇಕ್ ಹಿಡಿಯಿರಿ. ಚಿಕ್ಕಬಳ್ಳಾಪುರದಿಂದ ಚಿಂತಾಮಣಿವರೆಗೆ ಹಾಗೆ ಹೋಗಿ ನೋಡಿ. ನೀವಂದುಕೊಂಡಷ್ಟು ಸುಲಭ ಇಲ್ಲ.

ಕಾರಿಗೆ ಏನೇನು ಹಾಕಿಸಬೇಕು? ಎಕ್ಸಾಸ್ಟ್, ಅಗಲದ ಟಯರ್‌ಗೆ 60,000 ಎತ್ತಿಟ್ಟಿದ್ದೇನೆ.
- ಓದುಗ, ಮಧುಗಿರಿ

ಎತ್ತಿಟ್ಟದ್ದು ಅಲ್ಲೇ ಇರಲಿ. ಮೊದಲ ವರ್ಷ ಏನೂ ಹಾಕಿಸಬೇಡಿ. ಬ್ರೇಕ್ ಆಯಿಲ್ ಮಾತ್ರ ಹೊಸದು ಹಾಕಿಸಿ. ಅದು ಗಾಳಿಯ ತೇವ ಕುಡಿಯುತ್ತೆ. ಡಾಟ್ 4 ಅನ್ನೋ ದರ್ಜೆಯ ಬ್ರೇಕ್ ಆಯಿಲ್ ಹೊಸದರಲ್ಲಿ 230 ಡಿಗ್ರಿವರೆಗಾದರೂ ಕುದಿಯಬಾರದು ಅಂತ ಲೆಕ್ಕ, ತೇವ ಕುಡಿದ ಮೇಲೆ ಅದೇ ಲೆಕ್ಕ 155ಕ್ಕೆ ಇಳಿಯುತ್ತೆ. ಕುದ್ದರೆ ಒಳಗೆ ಗುಳ್ಳೆ. ಪೆಡಲ್ ಒತ್ತಿದರೆ ಗುಳ್ಳೆ ಮಾತ್ರ ಅದುಮಿಕೊಳ್ಳುತ್ತೆ, ಗಾಡಿ ನಿಲ್ಲಲ್ಲ. ಜೊತೆಗೆ ಬ್ರೇಕ್ ಪ್ಯಾಡ್ ದಪ್ಪ, ಚಕ್ರದ ನಟ್ಟು ನೋಡಿಸಿ. ನಿಂತ ಗಾಡಿಯನ್ನು ಎಳೆಯಲು ಮುಂದೆ ಹಾಕುವ ಕೊಕ್ಕೆ ಕೈಗೆ ಸಿಗುವಂತಿರಲಿ. ಹೆಲ್ಮೆಟ್, ತುಂಬುತೋಳಿನ ಹತ್ತಿ ಬಟ್ಟೆ, ತೆಳು ಅಡಿಯ ಶೂ ಸಾಕು.

ಗಾಡಿ ಖಾಲಿ ಮಾಡಿ. ಡ್ರೈವರ್ ಕಾಲಡಿಯ ಮ್ಯಾಟೂ ತೆಗೆಯಿರಿ. ಒಂದು ಸಲ ಮೊದಲ ತಿರುವಿನಲ್ಲೇ ಹಿಂದೆ ಧಡ್ ಅಂತ ಸದ್ದು. ಎರಡನೆಯದರಲ್ಲಿ ಆ ಕಡೆಯಿಂದ ಧಡ್. ಸಸ್ಪೆನ್ಷನ್ ಹೋಯ್ತು ಅಂತ ಎದೆ ಒಡೆದುಕೊಂಡು ಪಿಟ್‌ಗೆ ತಂದೆ. ಡಿಕ್ಕಿ ತೆಗೆದರೆ ನಮ್ಮತ್ತೆ ಕೊಟ್ಟಿದ್ದ ಎರಡು ತೆಂಗಿನಕಾಯಿ!

ಒಳಗೆ ಬಂದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಕಾದ ಬ್ರೇಕ್ ಹಿಡಿದುಕೊಂಡುಬಿಡುತ್ತೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಮಗನಿಗೆ 22 ವರ್ಷ. ಟ್ರ್ಯಾಕ್‌ಗೆ ಹೋಗ್ತೀನಿ ಅಂತ ಹಟ. ಏನಾದ್ರೂ ಆದರೆ ಇನ್ಶೂರೆನ್ಸ್ ಸಿಗುತ್ತಾ? ಕಳಿಸಲಾ ಬೇಡವಾ?
- ಒಬ್ಬ ತಾಯಿ, ಕೋಲಾರ

ಅಮ್ಮಾ, ಇನ್ಶೂರೆನ್ಸ್ ನಂಬಿಕೊಳ್ಳಬೇಡಿ. ಮಾಮೂಲಿ ಕಾರ್ ಪಾಲಿಸಿಯಲ್ಲಿ ರೇಸ್, ಸ್ಪೀಡ್ ಪರೀಕ್ಷೆಗೆ ಬಳಸಿದರೆ ಅನ್ವಯಿಸಲ್ಲ ಅಂತ ಬರೆದೇ ಇರುತ್ತೆ. ಬಂಪರ್ ಹೋದರೆ ಕೈಯಿಂದಲೇ ಹಾಕಬೇಕು ಅಂತ ಮಗನಿಗೆ ಈಗಲೇ ಹೇಳಿ. ಆಂಬುಲೆನ್ಸ್ ನಿಂತಿರುತ್ತಾ, ಹೊಸಬರಿಗೆ ಪಕ್ಕದಲ್ಲಿ ಕೂತು ಕಲಿಸುವವರು ಇದ್ದಾರಾ, ಇಷ್ಟು ಕೇಳಿ ತಿಳಿದುಕೊಳ್ಳಿ.

ಕಳಿಸೋದಾ ಬೇಡವಾ ಅನ್ನೋದಕ್ಕೆ ಒಂದು ಪರೀಕ್ಷೆ ಇದೆ. ಭಾನುವಾರ ಬೆಳಿಗ್ಗೆ ಮಗನ ಪಕ್ಕದ ಸೀಟಿನಲ್ಲಿ ಕೂತು ಮುಳಬಾಗಿಲಿಗೆ ಹೊರಡಿ. ಏನೂ ಹೇಳಬೇಡಿ. ಹಿಂದಿನಿಂದ ಯಾವುದಾದರೂ ಬಸ್ಸು ಲೈಟ್ ಹೊಡೆದುಕೊಂಡು ಬಂದೇ ಬರುತ್ತೆ. ಆಗ ಅವನ ಬಲಗಾಲು ನೋಡಿ, ಮುಖ ಅಲ್ಲ. ಕಾಲು ಎತ್ತಿ ಎಡಕ್ಕೆ ಸರಿದು ಬಸ್ಸಿಗೆ ದಾರಿ ಬಿಟ್ಟರೆ ಕಳಿಸಿಕೊಡಿ. ಇನ್ನಷ್ಟು ಒತ್ತಿದ ಅಂದರೆ ಮುಳಬಾಗಿಲಲ್ಲಿ ಅವನ ದುಡ್ಡಿನಲ್ಲೇ ದೋಸೆ ತಿಂದು ಬನ್ನಿ, ಟ್ರ್ಯಾಕಿನ ಮಾತು ಮುಂದಿನ ವರ್ಷಕ್ಕಿರಲಿ.